ಭಾಮೈದನ ವೈರಿಂಗು

ದರ್ಜಿ ಕೋಟ್ ಮಾಸ್ತರರಿಗೆ ಶಾಕ್ ಹೊಡೆಯತೊಡಗಿದ್ದು ಹೊಲಿಗೆ ಮಿಷಿನ್ನಿನ ಮುಂದೆ. ಸೂಜಿಯ ಕಡೆಗೆ ಕತ್ತು ಬಗ್ಗಿಸಿದರೆ ಸಾಕು, ಕುತ್ತಿಗೆಯಲ್ಲಿ ಹೊರಟ ಮಿಂಚು ಬೆನ್ನಿನಗುಂಟ ಸರ್ರನೆ ಇಳಿದು ಕಾಲ್ಬೆರಳಿನಲ್ಲಿ ಮಾಯವಾಗುತ್ತಿತ್ತು. ಮಿಷಿನ್ನಿಗೆ ಮೋಟಾರು ಕೂರಿಸಿದವನು, ಅಂಗಡಿಗೆಲ್ಲ ವೈರು ಎಳೆದವನು ಹೆಂಡತಿಯ ತಮ್ಮ. ಹಾಗಾಗಿ ಅಪರಾಧಿಯನ್ನು ಹುಡುಕಿಕೊಂಡು ಮಾಸ್ತರರು ದೂರ ಹೋಗಬೇಕಾಗಲಿಲ್ಲ.

ಆ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಫ್ಯೂಸು. ಯಾರ ಮನೆಯಲ್ಲಿ ದೀಪ ಆರಿದರೂ ಒಳಗೆ ಕಾಲಿಡುವ ಮೊದಲೇ ‘ಫ್ಯೂಸು’ ಎಂದು ರೋಗ ಹೇಳಿಬಿಡುತ್ತಿದ್ದ. ಬಹಳ ಸಲ ಅದು ನಿಜವೂ ಆಗಿರುತ್ತಿದ್ದುದರಿಂದ ಅವನ ಜಂಭಕ್ಕೆ ಮದ್ದಿರಲಿಲ್ಲ. ಟೆಸ್ಟರ್ ಹಿಡಿದು ಬಂದವನು ಮಿಷಿನ್ನಿನ ಮೈಯೆಲ್ಲ ಮುಟ್ಟಿ ನೋಡಿ ಎದ್ದುನಿಂತ.

“ಭಾವ, ಇದರಲ್ಲಿ ಏನೂ ಇಲ್ಲ. ತೊಟ್ಟಿಲಲ್ಲಿ ಮಲಗಿರೋ ಕೂಸಿದ್ದ ಹಾಗಿದೆ.”

“ಮತ್ತೆ ನನಗೆ ಹೊಡೆದಿದ್ದೇನು?”

“ಅಕ್ಕನ ಕಣ್ಣಿರಬೇಕು.”

ಕಟಿಂಗ್ ಮೇಜಿನ ಆಚೆ ಕೂತು ಗುಂಡಿ ಹಾಕುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ನನ್ನ ಕಣ್ಣಿಗೆ ಅಷ್ಟು ಪವರ್ ಇದ್ದಿದ್ರೆ ನೀವಿಬ್ರೂ ಯಾವತ್ತೋ ದಾರಿಗೆ ಬಂದಿರ್ತಿದ್ರಿ” ಎಂದು ಹಲ್ಲಿನಲ್ಲಿ ದಾರ ಕಡಿದಳು.

ಎರಡನೆಯ ದೂರು ಪೆಡಲಿನ ಮೇಲೆ. ಮೆಲ್ಲಗೆ ಕಾಲಿಟ್ಟರೂ ಮೋಟಾರು ಹುಚ್ಚು ಕುದುರೆಯಂತೆ ಓಡುತ್ತದೆಂದು ಮಾಸ್ತರರ ವಾದ. ಒಬ್ಬ ವಕೀಲರ ಕೋಟಿನಲ್ಲಿ ಅದು ಜೇಬಿನ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟಿತ್ತು. ವಕೀಲರ ಜೇಬು ಮುಚ್ಚಿದ್ದರಿಂದ ಊರಿಗೆ ಲಾಭವೇ ಆಯಿತೆಂದು ಎದುರಂಗಡಿಯ ಕ್ಷೌರಿಕ ನಕ್ಕ, ವಕೀಲರು ನಗಲಿಲ್ಲ. ಫ್ಯೂಸು ಪೆಡಲು ಬದಲಿಸಿದ. ಹೊಸದೂ ಓಡಿತು.

ಮೂರನೆಯದು ಮನೆಯ ಗೀಸರಿನ ಮೇಲೆ. “ನೀರೇ ಕಾಯ್ತಿಲ್ಲ” ಎಂದು ಮಾಸ್ತರರು ಬಚ್ಚಲಿನಿಂದಲೇ ಕೂಗಿದರು. ಹೆಂಡತಿ ಬಂದು ನೋಡಿದರೆ ಬಕೆಟಿನಿಂದ ಹಬೆ ಏಳುತ್ತಿದೆ, ಗಂಡನ ಎಡಗಾಲು ಕೆಂಡದ ಬಣ್ಣಕ್ಕೆ ತಿರುಗಿದೆ.

“ಕಾಲು ಬೆಂದು ಹೋಗಿದೆಯಲ್ರೀ!”

“ನಿನ್ನ ತಮ್ಮ ಹಾಕಿದ ಗೀಸರು. ಒಂದು ಕಾಲಿಗೆ ಬಿಸಿ ಕೊಡತ್ತೆ, ಇನ್ನೊಂದಕ್ಕೆ ತಣ್ಣಗೆ ಕೊಡತ್ತೆ.”

ಹೀಗೆ ಹೇಳುವಾಗ ಮಾಸ್ತರರಿಗೆ ತಮ್ಮ ಮಾತಿನ ಅಂದಚಂದ ಗೊತ್ತಾಗದೆ ಇರಲಿಲ್ಲ. ಅವರು ದಡ್ಡರಲ್ಲ. ಕೆಲವು ವರ್ಷಗಳ ಹಿಂದೆ ಅವರ ಗಂಟಲಿನಲ್ಲೊಂದು ಗಡ್ಡೆ ಎದ್ದು, ಕ್ಯಾನ್ಸರ್ ಎಂದಾಗಿ, ವಾರಗಟ್ಟಲೆ ಕುತ್ತಿಗೆಗೆ ರೇಡಿಯೇಷನ್ ಕೊಡಿಸಿ ವಾಸಿಯಾಗಿತ್ತು. ಮನೆಯಲ್ಲಿ ಆ ರೋಗಕ್ಕೆ ಹೆಸರಿಲ್ಲ, ಅದು ‘ಅದು’. ಈ ಸಲದ ತಪಾಸಣೆಗೆ ಮಾಸ್ತರರು ಹೋಗಿರಲಿಲ್ಲ, ಕೆಲಸ ಬಹಳ ಎಂದಿದ್ದರು. ಮಿಂಚಿಗೆ ವೈರು ಕಾರಣವಾದರೆ ಭಾಮೈದ ಬಂದು ಸರಿಮಾಡುತ್ತಾನೆ. ವೈರು ಕಾರಣವಲ್ಲದಿದ್ದರೆ ಮಾಸ್ತರರಿಗೆ ಗೊತ್ತಿದ್ದ ಇನ್ನೊಬ್ಬ ಅಪರಾಧಿ ‘ಅದು’ ಒಂದೇ. ಆದ್ದರಿಂದ ಫ್ಯೂಸುವಿನ ವೈರಿಂಗು ಕೆಟ್ಟಿರಲೇಬೇಕಾಗಿತ್ತು. ಕೆಟ್ಟಿದೆ ಎಂದು ಅವರು ಕ್ಷೌರಿಕನಿಗೂ, ಕ್ಷೌರಿಕನ ಗಿರಾಕಿಗಳಿಗೂ ಹೇಳಿದರು.

ಬೀದಿಯ ಮಾತಿಗೆ ಕಾಲು ಬೇಕಿಲ್ಲ. ಹೊಸ ಮನೆಯೊಂದರ ಕೆಲಸ ಕೈತಪ್ಪಿದ ದಿನ ಫ್ಯೂಸು ಅಂಗಡಿಗೆ ನುಗ್ಗಿದ.

“ಭಾವ, ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಇವತ್ತು ನೆಲಾನೇ ತೆಗೆದುಬಿಡ್ತೀನಿ, ಕುಣೀರಿ ನೋಡೋಣ.” ಕ್ಷೌರಿಕನನ್ನು ಸಾಕ್ಷಿಗೆ ಕರೆದ. ಅವನು ಅರ್ಧ ಬೋಳಿಸಿದ ಗಿರಾಕಿಯನ್ನೂ ಕರೆದುಕೊಂಡೇ ಬಂದ. ಫ್ಯೂಸು ಮೀಟರಿನ ಹತ್ತಿರ ಹೋಗಿ ಇಡೀ ಅಂಗಡಿಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಫ್ಯಾನು ನಿಂತಿತು. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಆರಿತು.

“ಈಗ ಬಗ್ಗಿ.”

ಮಾಸ್ತರರು ಮಿಷಿನ್ನಿನ ಮುಂದೆ ಕೂತರು. ಇಂಥ ಪರೀಕ್ಷೆಗೆ ಕೂರಬಾರದಿತ್ತು ಎಂದು ಅವರಿಗೆ ಆಗ ಹೊಳೆಯಿತು. ಬಗ್ಗಿದರು.

“ಹೊಡೀತಾ?”

“ಇಲ್ಲ.”

“ಹಾಗಾದ್ರೆ ತಪ್ಪು ನಿನ್ನ ವೈರಿಂದೇ” ಎಂದು ಕ್ಷೌರಿಕ ನಗುತ್ತ ಫ್ಯೂಸುವಿನ ಬೆನ್ನು ತಟ್ಟಿದ. ಫ್ಯೂಸು ಮಾತ್ರ ನಗಲಿಲ್ಲ. ಅವನು ನೋಡುತ್ತಿದ್ದುದು ಭಾವನ ಬಾಯನ್ನಲ್ಲ, ಕೈಗಳನ್ನು. ಕಾದ ಬಾಣಲೆ ಮುಟ್ಟಿದಂತೆ ಎರಡೂ ಬಟ್ಟೆಯಿಂದ ಎಗರಿದ್ದವು.

ಅಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದಳು. “ಇಲ್ಲ ಅಂದಿದ್ದು ನಿಮ್ಮ ಬಾಯಿ, ಸರಿ. ಎಗರಿದ ಕೈ ಯಾರದು?” ತಮ್ಮನ ಕಡೆ ತಿರುಗಿದಳು. “ಫ್ಯೂಸು ವಾಪಸ್ ಹಾಕ್ಬೇಡ ಕಣೋ, ಅಂಗಡಿ ಇವತ್ತು ಮುಚ್ಚಿದೆ. ಗಾಡಿ ತಗೊಂಡು ಬಾ.”

ಗಾಡಿ ಹತ್ತುವಾಗ ಮಾಸ್ತರರ ಬಲಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು, ಅವರಿಗೆ ತಿಳಿಯಲಿಲ್ಲ. ಫ್ಯೂಸು ಅದನ್ನು ಎತ್ತಿಕೊಂಡು ಬಂದು ಕುಕ್ಕರಗಾಲಲ್ಲಿ ಕೂತು ಭಾವನ ಕಾಲಿಗೆ ತೊಡಿಸಿದ. ಪಟ್ಟಿ ಸಡಿಲವಾಗಿದೆ ಎನ್ನಲು ಮಾಸ್ತರರು ಬಾಯಿ ತೆರೆದರು, ಮತ್ತೆ ಮುಚ್ಚಿದರು.

ಆಸ್ಪತ್ರೆಯಲ್ಲಿ ಸ್ಕ್ಯಾನು ಮುಗಿದು ಡಾಕ್ಟರಮ್ಮ ಒಳಗೆ ಕರೆದಾಗ ಮೂವರೂ ಒಟ್ಟಿಗೆ ಬಾಗಿಲಿನಲ್ಲಿ ಸಿಕ್ಕಿಕೊಂಡರು.

“ಗಡ್ಡೆ ವಾಪಸ್ ಬಂದಿಲ್ಲ” ಎಂದಳು ಆಕೆ ಮೊದಲಿಗೇ.

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮಾಸ್ತರರಿಗೆ ಎದ್ದು ಮನೆಗೆ ಹೋಗಿಬಿಡೋಣ ಎನ್ನಿಸಿತು. ಇದರ ನಂತರ ಕೇಳುವಂಥದ್ದೇನಿದೆ?

“ಆದ್ರೆ ಅವತ್ತು ಕುತ್ತಿಗೆಗೆ ರೇಡಿಯೇಷನ್ ಕೊಟ್ರಲ್ಲ, ಆ ಗಂಟಲಿನ ಹಿಂದೇನೇ ಬೆನ್ನುಹುರಿ ಹೋಗತ್ತೆ. ತಾಗದ ಹಾಗೆ ಎಷ್ಟೇ ಅಳತೆ ಮಾಡಿ ಕೊಟ್ರೂ ಅಪರೂಪಕ್ಕೆ ಒಬ್ಬೊಬ್ರಿಗೆ, ಬಹಳ ದಿನ ಕಳೆದ ಮೇಲೆ, ಹುರಿಗೆ ಪೆಟ್ಟಾಗಿರೋದು ಕಾಣಿಸ್ಕೊಳ್ಳತ್ತೆ. ಕತ್ತು ಬಗ್ಗಿಸಿದಾಗ ಹೊಡೆಯೋ ಶಾಕು ಅದರದ್ದೇ. ಬಲಗಾಲು ಎಷ್ಟು ಒತ್ತುತ್ತಿದೆ ಅನ್ನೋ ಸುದ್ದಿ ಸರಿಯಾಗಿ ತಲೆಗೆ ಬರ್ತಿಲ್ಲ. ಎಡಗಾಲಿನ ಬಿಸಿ-ತಂಪಿನ ಸುದ್ದೀನೂ ಬರ್ತಿಲ್ಲ.”

“ಅಂದ್ರೆ ವೈರಿಂಗು” ಎಂದ ಫ್ಯೂಸು.

“ಒಂಥರಾ ಹಾಗೇ.”

“ನಾನು ಹೇಳಲಿಲ್ವಾ?” ಮಾಸ್ತರರು ಭಾಮೈದನ ಕಡೆ ತಿರುಗಿದರು.

“ನಂದಲ್ಲ ಭಾವ, ನಿಮ್ಮದು!”

“ಹೀಗಾಗಬಹುದು ಅಂತ ಅವತ್ತೇ ಯಾರಾದ್ರೂ ಹೇಳಬೇಕಿತ್ತು.”

“ಹೇಳಿದ್ರು” ಎಂದಳು ಹೆಂಡತಿ. “ನೀವು ಆ ಡಾಕ್ಟರ ಕೋಟಿನ ತೋಳು ಎಲ್ಲಿ ಸುಕ್ಕು ಬಿದ್ದಿದೆ ಅಂತ ನೋಡ್ತಾ ಕೂತಿದ್ರಿ.” ಆಮೇಲೆ ಡಾಕ್ಟರಮ್ಮನನ್ನು ಕೇಳಿದಳು: “ರಿಪೇರಿ ಆಗತ್ತಾ?”

“ಹುರಿಯ ಊತ ಇಳಿಯೋಕೆ ಮಾತ್ರೆ ಕೊಡ್ತೀನಿ, ವ್ಯಾಯಾಮ ಕಲಿಸ್ತಾರೆ. ಇಲ್ಲಿಗೇ ನಿಲ್ಲಬಹುದು, ಇನ್ನೂ ಸ್ವಲ್ಪ ಮುಂದೆ ಹೋಗಲೂಬಹುದು. ಹೋಗಿದ್ದು ಪೂರ್ತಿ ವಾಪಸ್ ಬರತ್ತೆ ಅಂತ ಮಾತ್ರ ನಾನು ಹೇಳಲಾರೆ.”

“ಮಿಷಿನ್ ತುಳೀಬಹುದಾ?” ಎಂದರು ಮಾಸ್ತರರು.

“ಎಷ್ಟು ತುಳಿದ್ರಿ ಅಂತ ಕಾಲು ನಿಮಗೆ ಹೇಳಲ್ಲ. ಬೆರಳು ಸೂಜಿ ಪಕ್ಕದಲ್ಲೇ ಇರತ್ತಲ್ಲ, ಬೇಡ.”

ಗಾಡಿಯಲ್ಲಿ ವಾಪಸ್ ಬರುವಾಗ, ಹುಲಿ ಬರಲಿಲ್ಲವೆಂದು ಸಂತೋಷಪಡುವುದೋ, ನಾಯಿ ಕಾಲು ಕಚ್ಚಿತೆಂದು ಅಳುವುದೋ ಮಾಸ್ತರರಿಗೆ ತೀರ್ಮಾನವಾಗಲಿಲ್ಲ. ಬೈಯಲೂ ಯಾರೂ ಸಿಗುತ್ತಿರಲಿಲ್ಲ. ರೇಡಿಯೇಷನ್ನನ್ನು ಬೈಯೋಣವೆಂದರೆ ಬೈಯುವ ಗಂಟಲನ್ನು ಉಳಿಸಿಕೊಟ್ಟದ್ದೇ ಅದು.

ಮಾತ್ರೆ ಶುರುವಾದ ಮೇಲೆ ಶಾಕು ತುಸು ಮೆತ್ತಗಾಯಿತು, ಕಾಲು ಇದ್ದಂತೆಯೇ ಇತ್ತು. ಮಾಸ್ತರರು ಅಂಗಡಿಗೆ ಬಂದು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುವರು, ಕತ್ತರಿಸುವರು, ಮಿಷಿನ್ನಿಗೆ ಬೆನ್ನು ಹಾಕಿ ಕೂರುವರು. ಕತ್ತರಿಸಿದ ಕೋಟುಗಳು ಮೇಜಿನ ಮೇಲೆ ಕೈ ಬೇರೆ ಮೈ ಬೇರೆಯಾಗಿ ಬಿದ್ದುಕೊಂಡವು. ಹೊಲಿಯಲು ಬೇರೆಯವರನ್ನು ಇಟ್ಟುಕೊಳ್ಳಿ ಎಂದ ಕ್ಷೌರಿಕನಿಗೆ, “ನಿನ್ನ ಗಿರಾಕಿಗೆ ನಾನು ಬಂದು ಬೋಳಿಸ್ಲಾ?” ಎಂದರು.

ಒಂದು ಮಧ್ಯಾಹ್ನ ಫ್ಯೂಸು ಮರದ ದಿಮ್ಮಿ, ಉದ್ದನೆಯ ವೈರು ತಂದ. ಭಾವ ಕತ್ತು ಬಗ್ಗಿಸಬಾರದೆಂದು ಮಿಷಿನ್ನಿನ ಕಾಲುಗಳ ಕೆಳಗೆ ದಿಮ್ಮಿ ಕೊಟ್ಟು ಎತ್ತರಿಸಿದ. ಪೆಡಲನ್ನು ಎಳೆದು ಪಕ್ಕದ ಸ್ಟೂಲಿನ ಕೆಳಗಿಟ್ಟ.

“ತುಳಿಯೋದು ಅಕ್ಕ. ಹೊಲಿಯೋದು ನೀವು.”

“ತಲೆ ಕೆಟ್ಟಿದೆಯಾ? ಸ್ಟೀರಿಂಗ್ ಒಬ್ಬ ಹಿಡಿದು ಬ್ರೇಕ್ ಇನ್ನೊಬ್ಬ ಒತ್ತಿದ ಹಾಗೆ!”

“ಇಷ್ಟು ವರ್ಷ ಸಂಸಾರ ಇನ್ಹೇಗೆ ನಡೀತು ಅಂದ್ಕೊಂಡಿದ್ರಿ?” ಎಂದು ಹೆಂಡತಿ ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು.

ಮಾಸ್ತರರು ಹಳೆಯ ತುಂಡು ಬಟ್ಟೆಯನ್ನೇ ತೆಗೆದುಕೊಂಡರು. ಕೋಟಿನ ಬಟ್ಟೆಯನ್ನು ಇಂಥ ಆಟಕ್ಕೆ ಕೊಡಲು ಮನಸ್ಸಾಗಲಿಲ್ಲ.

“ಹೂಂ. ನಿಧಾನ. ನಿಧಾನ ಅಂದ್ನಲ್ಲೇ!”

“ಇದಕ್ಕಿಂತ ನಿಧಾನ ಅಂದ್ರೆ ನಿಂತೇ ಹೋಗತ್ತೆ.”

ಗೆರೆ ಹಾವು ಹರಿದಂತೆ ಬಂತು. ಬಿಚ್ಚಿದರು. ಮತ್ತೊಂದು ಹೊಲಿದರು, ಅದೂ ಹಾವೇ, ಆದರೆ ಸತ್ತ ಹಾವು, ಸುಮಾರು ನೆಟ್ಟಗಿತ್ತು. ಆಮೇಲೆ ಮಾಸ್ತರರು ಎದ್ದು ಹೋಗಿ ವಕೀಲರ ಕೋಟನ್ನು ತಂದರು. ಜೇಬಿನ ಮುಚ್ಚಳದ ಹೊಲಿಗೆ ಮೂಲೆಗೆ ಬಂತು. ಅಲ್ಲಿ ನಿಲ್ಲಿಸಿ ಬಟ್ಟೆ ತಿರುಗಿಸಬೇಕು. ‘ನಿಲ್ಸು’ ಎನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಮೂಲೆಯ ಸರಿಯಾದ ಜಾಗದಲ್ಲಿ ಇಳಿದು ನಿಂತಿತ್ತು.

“ನಾನು ಹೇಳೇ ಇರ್ಲಿಲ್ವಲ್ಲ?”

“ಮೂಲೆ ಬಂದಾಗೆಲ್ಲ ಉಸಿರು ಬಿಗಿ ಹಿಡೀತೀರಿ. ಮದುವೆಯಾದಾಗಿಂದ ಕೇಳ್ತಿದ್ದೀನಿ.”

ತಮಗೆ ಇಂಥ ಅಭ್ಯಾಸವಿದೆ ಎಂಬುದೇ ಮಾಸ್ತರರಿಗೆ ಅವಮಾನವೆನಿಸಿತು. ಮುಂದಿನ ಮೂಲೆಗೆ ಹಟ ಹಿಡಿದು ಉಸಿರಾಡುತ್ತಲೇ ಹೋದರು. ಹೊಲಿಗೆ ಅಂಚು ದಾಟಿ ಮೇಜಿನ ಕಡೆಗೆ ಹೊರಟಿತು.

“ಹಿಡ್ಕೊಳ್ರೀ ಉಸಿರು!” ಎಂದು ಹೆಂಡತಿ ಗದರಿದಳು.