ಅರ್ಥವಾಯಿತೆನ್ನದ ಹುಡುಗಿ

ನಮ್ಮ ಶಾಲೆಗಳಲ್ಲಿ ದಿನವೂ ತಪ್ಪದೆ ನಡೆಯುವ ಒಂದು ಸುಳ್ಳಿದೆ. ಪಾಠ ಮುಗಿಸಿ, ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತ ನಾವು "ಅರ್ಥವಾಯಿತೇ?" ಎನ್ನುತ್ತೇವೆ, ಮಕ್ಕಳು ರಾಗವಾಗಿ "ಅರ್ಥವಾಯ್ತು ಟೀಚರ್" ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಗಣಿತ ಕಲಿಸಿದ ನಾನು ಆ ರಾಗವನ್ನೇ ಕಲಿಕೆಯೆಂದು ನಂಬಿ ಸಂಬಳ ಪಡೆದೆ.

ಆರನೆಯ ತರಗತಿಯ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಅದಕ್ಕೆ ದನಿಗೂಡಿಸುತ್ತಿರಲಿಲ್ಲ. ತರಗತಿಯಲ್ಲಿ ಬಾಯೇ ತೆರೆಯದ ಅವಳಿಗೆ ಮಕ್ಕಳಿಟ್ಟ ಹೆಸರು ಬೀಗ. ದಡ್ಡರನ್ನು ಬೇರೆ ವಿಭಾಗಕ್ಕೆ ಹಾಕಲು ಮುಖ್ಯೋಪಾಧ್ಯಾಯರು ಪಟ್ಟಿ ಕೇಳಿದಾಗ ನಾನು ಬರೆದದ್ದು ಅವಳೊಬ್ಬಳ ಹೆಸರನ್ನು. ಆ ವಿಭಾಗದಲ್ಲಿ ಗಣಿತಕ್ಕೆ ಶಿಕ್ಷಕರೇ ಇಲ್ಲ. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ನಾನು ಕಂಡಿಲ್ಲ.

ಪಟ್ಟಿಗೆ ಸಹಿ ಹಾಕುವ ಮುನ್ನ ಪೋಷಕರಿಗೆ ತಿಳಿಸಬೇಕೆಂಬುದು ನಿಯಮ. ಅವಳ ತಾಯಿಗೆ ಇಸ್ತ್ರಿ ಅಂಗಡಿ. ಎರಡು ಸಲ ಕರೆಸಿದರೂ ಬಾರದ್ದಕ್ಕೆ ಸಿಡಿಮಿಡಿಗೊಂಡು ನಾನೇ ಹೋದೆ. ನಮ್ಮ 'ಬೀಗ' ಅಲ್ಲಿ ತಾಯಿಯ ಎದುರು ನಿಂತು, ಬೆಡ್‌ಶೀಟೊಂದರ ತುದಿ ಹಿಡಿದು ಮಡಿಸುತ್ತ, ಎಡೆಬಿಡದೆ ಮಾತಾಡುತ್ತಿದ್ದಳು!

"ಬನ್ನಿ ಟೀಚರ್. ಬರೋಣ ಅಂದ್ರೆ ಈ ಇಸ್ತ್ರಿಪೆಟ್ಟಿಗೆ ಬಿಡಲ್ಲ. ಏನ್ಮಾಡಿದ್ಲು? ತಲೆ ತಿಂತಾಳಾ?"

"ಬಾಯೇ ಬಿಡಲ್ಲಮ್ಮ."

"ಇವಳಾ!" ತಾಯಿ ನಕ್ಕಳು. "ಇವಳ ಬಾಯಿಗೆ ಬ್ರೇಕೇ ಇಲ್ಲ. ನಿಮ್ಮ ಶಾಲೇಲಿ ಅದೆಲ್ಲಿ ಸಿಕ್ತು?"

ನಾನು ಹುಡುಗಿಯತ್ತ ತಿರುಗಿದೆ. "ಎಲ್ಲರ ಹಾಗೆ ನೀನ್ಯಾಕೆ 'ಅರ್ಥವಾಯ್ತು' ಅನ್ನಲ್ಲ?"

"ಅರ್ಥ ಆಗಿರಲ್ಲ ಟೀಚರ್. ಸುಳ್ಳು ಹೇಳಬಾರದು ಅಂತ ನೀವೇ ಹೇಳಿದ್ದೀರಿ."

"ಎದ್ದು ಕೇಳಬಹುದಿತ್ತಲ್ಲ?"

"ಒಂದ್ಸಲ ಕೇಳಿದ್ದೆ." ಅವಳು ಮಡಿಕೆಯ ಅಂಚನ್ನು ಉಗುರಿನಿಂದ ತೀಡಿದಳು. "'ಮೂವತ್ತೆಂಟು ಜನಕ್ಕೆ ಅರ್ಥ ಆಗಿದ್ದು ನಿನಗೊಬ್ಬಳಿಗೆ ಆಗಲ್ವಾ?' ಅಂದ್ರಿ. ಎಲ್ಲರೂ ನಕ್ಕರು."

ಆ ಮಾತು ನನ್ನದೇ. ಆಡಿದ ನೆನಪೂ ನನಗಿರಲಿಲ್ಲ.

ಮರುದಿನ ರಾಗ ಮುಗಿದೊಡನೆ ಮುಂದಿನ ಬೆಂಚಿನ ಜಾಣೆಯತ್ತ ಸೀಮೆಸುಣ್ಣ ಚಾಚಿದೆ. "ಒಂದನ್ನ ಅರ್ಧದಿಂದ ಭಾಗಿಸಿದರೆ ಎರಡು. ಯಾಕೆ?"

"ತಲೆಕೆಳಗು ಮಾಡಿ ಗುಣಿಸಬೇಕು ಟೀಚರ್."

"ಯಾಕೆ?"

"ನೀವೇ ಹೇಳಿದ್ರಲ್ಲ..."

ಮೂವತ್ತೆಂಟು ಮಂದಿಯೂ ಉತ್ತರಕ್ಕಾಗಿ ಪುಸ್ತಕದ ಪುಟ ತಿರುವತೊಡಗಿದರು. ನಾಚಿಕೆಯ ಸಂಗತಿಯೆಂದರೆ, ಆ ಪ್ರಶ್ನೆಗೆ ನನ್ನ ಬಳಿಯೂ ಉತ್ತರ ಸಿದ್ಧವಿರಲಿಲ್ಲ. ನನಗೂ ಯಾರೋ ತಲೆಕೆಳಗು ಮಾಡುವುದನ್ನಷ್ಟೇ ಕಲಿಸಿದ್ದರು. ತಡವರಿಸುತ್ತಿರುವಾಗ ಇಸ್ತ್ರಿ ಅಂಗಡಿ ಕಣ್ಣಮುಂದೆ ಬಂತು.

"ಕೊನೇ ಬೆಂಚು, ನೀನು ಹೇಳಮ್ಮ. ಒಂದು ಬೆಡ್‌ಶೀಟಲ್ಲಿ ಎಷ್ಟು ಅರ್ಧ ಇದೆ?"

"ಎರಡು." ಅವಳು ಎದ್ದು ನಿಂತಳು. "ಅಷ್ಟೇನಾ ಟೀಚರ್? ಮೊದಲೇ ಹೇಳಬಾರದಿತ್ತಾ?"

ತರಗತಿ ನಕ್ಕಿತು. ಈ ಸಲ ನಕ್ಕದ್ದು ನನ್ನನ್ನು ನೋಡಿ.

ಪಟ್ಟಿಯಲ್ಲಿದ್ದ ಒಂದೇ ಹೆಸರನ್ನು ಹೊಡೆದುಹಾಕಿ ಮುಖ್ಯೋಪಾಧ್ಯಾಯರ ಮುಂದಿಟ್ಟೆ.

"ದಡ್ಡರೇ ಇಲ್ವಾ ಮೇಡಂ ನಿಮ್ಮಲ್ಲಿ?"

"ಕಳಿಸೋದಾದರೆ ಮೂವತ್ತೊಂಬತ್ತು ಜನರನ್ನೂ ಕಳಿಸಬೇಕು ಸರ್. ನಲವತ್ತನೆಯವಳಾಗಿ ನನ್ನನ್ನೂ."

"ಅಷ್ಟು ಬೆಂಚು ಎಲ್ಲಿದೆ ಅಲ್ಲಿ?" ಎಂದು ಗೊಣಗುತ್ತ ಅವರು ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದರು.

ಈಗಲೂ ಪಾಠದ ಕೊನೆಗೆ "ಅರ್ಥವಾಯಿತೇ?" ಎನ್ನುತ್ತೇನೆ. ನಿನ್ನೆ ಹದಿನಾಲ್ಕು ಮಂದಿ "ಇಲ್ಲ ಟೀಚರ್" ಎಂದರು. ಮೊದಲ ದನಿ ಮುಂದಿನ ಬೆಂಚಿನ ಜಾಣೆಯದು. ಹಲಗೆ ಒರೆಸಿ, ಮೊದಲಿನಿಂದ ಬರೆಯತೊಡಗಿದೆ.