ಬೂದಿ ಮುಚ್ಚುವ ಕೈ

ಸೇತುವೆಯ ಈಚೆ ದಡದಲ್ಲಿ ಎಲ್ಲರೂ ನಿಂತರು. ಊರಿನ ವಾಡಿಕೆಯಂತೆ ಬೀಳ್ಕೊಡಲು ಬಂದವರು ಅಲ್ಲಿಂದ ಮುಂದೆ ಕಾಲಿಡುವಂತಿಲ್ಲ. ಆಚೆ ದಡದಿಂದ ಡೆರಿ ಬಂದರಿನ ದಾರಿ, ಬಂದರಿನಿಂದ ಫಿಲಡೆಲ್ಫಿಯಾದ ಹಡಗು. ಗ್ರಾನ್ಯ ಗಂಟನ್ನು ಕಲ್ಲುಗೋಡೆಯ ಮೇಲಿಟ್ಟು ತಾಯಿಯ ಶಾಲನ್ನು ಸರಿಪಡಿಸಿದಳು.

"ಮೂರು ವರ್ಷ ದುಡಿದು ಬರೋದು ಅಷ್ಟೇ ಕಣವ್ವ. ಅಲ್ಲೀವರೆಗೆ ಅಣ್ಣನ ಕೈಲಿ ಕೆಂಡ ಮುಚ್ಚಿಸ್ಬೇಡ. ಪ್ರಾರ್ಥನೆ ಅರ್ಧ ಹೇಳೋದ್ರೊಳಗೆ ಗೊರಕೆ ಹೊಡೀತಾನೆ."

ಅಣ್ಣ ಎಮನ್ ನಗಲಿಲ್ಲ. "ಹೊರಡು, ಹೊತ್ತಾಗುತ್ತೆ" ಎಂದ, ಹೊಳೆಯ ಕಡೆ ನೋಡುತ್ತಾ.

ಅವರ ಮನೆಯ ಒಲೆ ಅಜ್ಜಿಯ ಕಾಲದಿಂದ ಆರಿರಲಿಲ್ಲ. ದಿನವೂ ಮಲಗುವ ಮುನ್ನ ಕೆಂಡವನ್ನು ಬೂದಿಯಲ್ಲಿ ಹುದುಗಿಸಿ, ಮನೆಯನ್ನು ಮೇರಿ ಮಾತೆಗೆ ಒಪ್ಪಿಸುವ ನಾಲ್ಕು ಸಾಲು ಪ್ರಾರ್ಥನೆ ಹೇಳುವುದು ಚಿಕ್ಕಂದಿನಿಂದ ಗ್ರಾನ್ಯಳ ಕೆಲಸ. ಹೋಗಲಾರೆನೆಂದು ಅವಳು ಹಟ ಹಿಡಿದಾಗ ತಾಯಿ ಆ ಒಲೆಯನ್ನೇ ಮುಟ್ಟಿ ಮಾತು ಕೊಟ್ಟಿದ್ದಳು: ನಿನ್ನ ಜಾಗ ನಿನಗೇ, ನೀನು ಬರುವ ತನಕ ನಾನು ಕಾಯುತ್ತೇನೆ.

ಮುದುಕಿ ನಾಬ್ಲಾ ಮುಂದೆ ಬಂದಳು. ಸುತ್ತಲ ಊರುಗಳಲ್ಲಿ ಸತ್ತವರಿಗೆ ಹಾಡಿ ಅಳುವವಳು ಅವಳು. ಹಡಗು ಹತ್ತುವವರಿಗೂ ಅವಳೇ ಅಳಬೇಕು.

"ನಂಗೆ ಸಣ್ಣ ಹಾಡು ಸಾಕಜ್ಜಿ. ನಾನು ವಾಪಸ್ ಬರೋಳು."

"ಎಲ್ರೂ ಹಂಗೇ ಅಂತಾರೆ ಮಗಳೇ. ಸುಮ್ನೆ ನಿಲ್ಲು."

ನಾಬ್ಲಾ ಕಣ್ಣು ಮುಚ್ಚಿ, ತೂಗಾಡುತ್ತ ದನಿ ಎತ್ತಿದಳು. ಅವಳದು ಕಟ್ಟಿಟ್ಟ ಹಾಡಲ್ಲ. ಊರಲ್ಲಿ ಕಂಡದ್ದು, ಕೇಳಿದ್ದು ನಿಂತಲ್ಲೇ ಸಾಲಾಗಿ ಬರುತ್ತಿತ್ತು.

"ನೀ ಕರೆದ ಕೆಂದಾಕಳು ಇನ್ನಾರ ಕೈಗೆ ಒಲಿಯುವುದೋ,
ನೀ ಹುದುಗಿಟ್ಟ ಕೆಂಡದ ಕಣ್ಣ ಇನ್ನಾರು ತೆರೆಯುವರೋ,
ತಪಸ್ಸುಕಾಲದ ಮುಂಚೆ ಬರುವಳು ಬಾರ್ನಿಯ ಮಗಳು ಮದುಮಗಳಾಗಿ,
ಒಂದೊಲೆಯ ಮುಂದೆ ಇಬ್ಬರಿಗೆಡೆಯಿಲ್ಲ, ನೀ ಕಡಲ ದಾಟುವೆ ಅದಕಾಗಿ..."

ಜೊತೆಗೆ ದನಿ ಸೇರಿಸಬೇಕಾದ ಹೆಂಗಸರು ಸುಮ್ಮನಿದ್ದರು. ನಾಬ್ಲಾ ಕಣ್ಣು ತೆರೆದಳು.

"ಯಾಕ್ರೇ? ಹುಡುಗಿಗೆ ಹೇಳಿಲ್ವಾ?"

ಗ್ರಾನ್ಯ ಒಬ್ಬೊಬ್ಬರ ಮುಖ ನೋಡಿದಳು. ನಿನ್ನೆ ರಾತ್ರಿ ಬೀಳ್ಕೊಡುಗೆಯ ಕೂಟದಲ್ಲಿ ಅವಳ ಕೈ ಹಿಡಿದು ಕುಣಿದವರೆಲ್ಲ ನೆಲ ನೋಡುತ್ತಿದ್ದರು.

"ನಾದಿನಿ ಇರೋ ಮನೆಗೆ ಮಗಳನ್ನ ಕೊಡಲ್ಲ, ನಂಗೆ ಮದುವೆ ಮಾಡಲ್ಲ ಅಂದ ಬಾರ್ನಿ" ಎಂದ ಎಮನ್. "ನಾನೇನ್ ಮಾಡ್ಲಿ?"

"ಮೂರು ವರ್ಷದ ಮೇಲೆ?"

ಅವನು ಮತ್ತೆ ಹೊಳೆ ನೋಡಿದ.

"ಒಲೆ ಮುಟ್ಟಿ ಹೇಳಿದ್ಯಲ್ಲವ್ವ."

ತಾಯಿ ಶಾಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಹಂಗೆ ಹೇಳ್ದೇ ಇದ್ದಿದ್ರೆ ನೀನು ಹೋಗ್ತಿದ್ಯಾ?"

ಗ್ರಾನ್ಯ ಗಂಟು ಎತ್ತಿಕೊಂಡಳು. ಕೆನ್ನೆಯತ್ತ ಬಂದ ತಾಯಿಯ ಕೈ ಗಾಳಿಯಲ್ಲೇ ನಿಂತಿತು.

ಸೇತುವೆ ದಾಟಿದವಳು ದಾರಿ ಹಿಡಿಯದೆ ಹೊಳೆಗೆ ಇಳಿದಳು. ಬೆಳಿಗ್ಗೆ ಕೆಂಡ ಕೆದಕಿದ ಬೂದಿ ಇನ್ನೂ ಉಗುರ ಸಂದಿನಲ್ಲಿತ್ತು. ಮರಳು ಹಿಡಿದು ಒಂದೊಂದೇ ಬೆರಳನ್ನು ಉಜ್ಜತೊಡಗಿದಳು. ಬಿಟ್ಟು ಬಂದ ದಡದಲ್ಲಿ ನಾಬ್ಲಾ ನಿಂತಲ್ಲಿಂದಲೇ ಹಾಡನ್ನು ಎತ್ತಿಕೊಂಡಳು. ಈ ಸಲ ಹೆಂಗಸರೆಲ್ಲ ಸೇರಿದರು. ಎಲ್ಲರಿಗಿಂತ ಮೇಲೆ ತಾಯಿಯ ದನಿ ಕೇಳುತ್ತಿತ್ತು.

ಬೆರಳಿನ ಸುತ್ತ ನೀರು ಒಂದು ಗಳಿಗೆ ಮಸುಕಾಗಿ, ಸೇತುವೆಯ ಕೆಳಗೆ ಹರಿಯುವಷ್ಟರಲ್ಲಿ ತಿಳಿಯಾಯಿತು.