ತಾರಸಿಯ ಮೇಲಿನ ಆನೆ

೧

ಒಂದಾನೊಂದು ಊರಿನಲ್ಲಿ ಒಂದು ಆನೆ ಇತ್ತು. ಅದಕ್ಕೊಂದು ಅಂಗಿ ಇತ್ತು. ಅಂಗಿ ಒಗೆದು ಒಣಹಾಕಲು ತಾರಸಿ ಹತ್ತಿತು. ಹತ್ತಿದ್ದೇನೋ ಹತ್ತಿತು, ಇಳಿಯಲು ಬರಲಿಲ್ಲ.

(ಹೀಗೆ ಶುರು ಮಾಡಬಹುದೇ? ಇದು ನನ್ನ ಕಥೆಯಲ್ಲ, ನನ್ನ ಕಥೆಯೊಳಗಿನ ಅಜ್ಜಿಯದು. ನನ್ನದು "ಅಜ್ಜಿ ತೀರಿಕೊಂಡಳು" ಎಂದು ಶುರುವಾಗಬೇಕಿತ್ತು. ಬರೆದು ನೋಡಿದೆ, ಪೆನ್ನು ಮುಂದೆ ಹೋಗಲಿಲ್ಲ. ಸದ್ಯಕ್ಕೆ ಆನೆಯೇ ಇರಲಿ.)

೨

ಅಜ್ಜಿಯದು ಇಸ್ತ್ರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬಟ್ಟೆ ತಡವಾದಾಗಲೆಲ್ಲ ಗಿರಾಕಿಗಳನ್ನು ಬೆಂಚಿನ ಮೇಲೆ ಕೂರಿಸಿ ಕಥೆ ಹೇಳುತ್ತಿದ್ದಳು. ಕೊನೆಯನ್ನು ಮಾತ್ರ ಹೇಳುತ್ತಿರಲಿಲ್ಲ. "ಮಿಕ್ಕಿದ್ದು ಮುಂದಿನ ಸಲ ಬಟ್ಟೆ ತಂದಾಗ." ಪಕ್ಕದ ಬೀದಿಯಲ್ಲಿ ಗಾಜಿನ ಬಾಗಿಲಿನ ಲಾಂಡ್ರಿ ಬಂದರೂ ಒಬ್ಬ ಗಿರಾಕಿಯೂ ಕದಲಲಿಲ್ಲ.

ಆನೆ ತಾರಸಿಯ ಮೇಲಿರುವಾಗಲೇ ಅಜ್ಜಿ ತೀರಿಕೊಂಡಳು. (ನೋಡಿ, ಬರೆದೇಬಿಟ್ಟೆ.) ಆಸ್ಪತ್ರೆಯಲ್ಲಿ ಮೊಮ್ಮಗಳ ಕೈ ಹಿಡಿದು ಹೇಳಿದ್ದು ಇಷ್ಟೇ:

"ಆನೇನ ಇಳಿಸೇ ಪುಟ್ಟಿ. ಪಾಪ, ಬಿಸಿಲಲ್ಲಿ ನಿಂತಿದೆ."

"ಇಳಿಸ್ತೀನಿ. ಆದ್ರೆ ಹೇಗಜ್ಜಿ?"

"ನಂಗೇನ್ ಗೊತ್ತು? ನಾನು ಹತ್ತಿಸೋಳು."

೩

ಅಂಗಡಿ ಮತ್ತೆ ತೆರೆದ ದಿನ ಬಸ್ ಡ್ರೈವರ್ ಬಂದ. ಮೊಮ್ಮಗಳ ಅಮ್ಮ ಅವನ ಯೂನಿಫಾರ್ಮ್ ಮಡಿಸಿ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಆನೆ ಇಳೀತಾ?"

"ಇಲ್ಲ ಡ್ರೈವರಣ್ಣ," ಎಂದಳು ಮೊಮ್ಮಗಳು.

"ಹಾಗಾದ್ರೆ ಬಟ್ಟೆ ಇಲ್ಲೇ ಇರ್ಲಿ. ಕಥೆ ಅರ್ಧಕ್ಕೇ ಬಿಟ್ಟು ಎತ್ಕೊಂಡ್ ಹೋದ್ರೆ ಅಜ್ಜಿ ಬೈತಾರೆ."

ಇನ್ನೊಬ್ಬ ಗಿರಾಕಿ ನರ್ಸಮ್ಮನದೂ ಅದೇ ಹಟ. ಕಪಾಟು ತುಂಬಿತು, ಹೊಸ ಬಟ್ಟೆ ಇಡಲು ಜಾಗವಿಲ್ಲ. "ನಿಮ್ಮಜ್ಜಿ ಹೋಗ್ತಾ ಆನೇನ ನನ್ನ ತಲೆ ಮೇಲೆ ಕೂರಿಸಿ ಹೋದ್ಲು," ಎಂದು ಅಮ್ಮ ಗೊಣಗಿದಳು.

೪

ಅಂತ್ಯ ಒಂದು: ಕ್ರೇನ್ ಬಂತು. ("ಆ ಗಲ್ಲೀಲಿ ನನ್ನ ಬಸ್ಸೇ ತಿರುಗಲ್ಲ," ಎಂದ ಡ್ರೈವರ್.)

ಅಂತ್ಯ ಎರಡು: ಆನೆಗೆ ರೆಕ್ಕೆ ಮೂಡಿತು. ("ರೆಕ್ಕೆ ಬರೋದಾದ್ರೆ ಮೆಟ್ಟಿಲು ಯಾಕೆ ಹತ್ತಬೇಕಿತ್ತು?" ನರ್ಸಮ್ಮ.)

ಅಂತ್ಯ ಮೂರು: ಆನೆ ಮೋಡವಾಗಿ ಕರಗಿತು. ಇದು ನನಗೆ ಬಹಳ ಹಿಡಿಸಿತ್ತು, ಸಾಹಿತ್ಯದ ಹಾಗೆ ಕಂಡಿತ್ತು. ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಪುಟದಾಚೆಯಿಂದ ನನ್ನನ್ನೇ ದಿಟ್ಟಿಸಿದಳು. "ಇಳಿಸು ಅಂದ್ರೆ ಸಾಯಿಸ್ತೀಯೇನಮ್ಮ? ಈ ಮನೆಗೆ ಒಂದು ಸಾವು ಸಾಕು. ಆ ಸಾಲು ಹೊಡೆದುಹಾಕು."

ಹೊಡೆದುಹಾಕಿದೆ.

೫

ಕೊನೆಗೆ ಮೊಮ್ಮಗಳಿಗೇ ಹೇಳಿದೆ: ನನ್ನ ಕೈಲಾಗದು, ನೀನೇ ನೋಡಿಕೋ. ಅವಳು ಬೆಂಚಿನವರಿಗೆ ಚಹಾ ತರಲು ಮೇಲೆ ಹೋದಳು. ಟ್ರೇ ಹಿಡಿದು ಬರುವಾಗ ಕಡಿದಾದ ಮೆಟ್ಟಿಲ ನಡುವೆ ನಿಂತುಬಿಟ್ಟಳು. ಮಂಡಿ ಸೋತಮೇಲೆ ಅಜ್ಜಿ ಈ ಮೆಟ್ಟಿಲನ್ನು ಹಿಮ್ಮುಖವಾಗಿಯೇ ಇಳಿಯುತ್ತಿದ್ದಳು. ಕೆಳಗಿನಿಂದ ಅವಳ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಡುತ್ತಿದ್ದವಳು ಇವಳೇ.

ಚಹಾ ಆರಿತು. ಚಹಾ ಎಲ್ಲಿ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವಳು ಹೇಳತೊಡಗಿದ್ದಳು.

"ಆನೆ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತ್ಕೊಳ್ತು. ಕೆಳಗೊಬ್ಳು ಹುಡುಗಿ ಅದರ ಹಿಂಗಾಲು ಹಿಡ್ಕೊಂಡ್ಳು. 'ಭಯ ಬೇಡ, ನಾನಿದ್ದೀನಿ. ಇನ್ನೊಂದು ಮೆಟ್ಟಿಲು, ಅಜ್ಜಿ.'"

"ಆನೆ," ಎಂದು ಡ್ರೈವರ್ ಮೆಲ್ಲಗೆ ತಿದ್ದಿದ.

"ಅದೇ. ಇನ್ನೊಂದು. ಇನ್ನೊಂದು. ಹ್ಞಾಂ, ಕಾಲಿಗೆ ನೆಲ ಸಿಕ್ತು."

ನರ್ಸಮ್ಮ ಮೂಗೊರೆಸಿಕೊಂಡು ನಕ್ಕಳು. ಅಮ್ಮನೂ ನಕ್ಕಳು. ಡ್ರೈವರ್ ಯೂನಿಫಾರ್ಮ್ ಎತ್ತಿಕೊಂಡು ಬಾಗಿಲಲ್ಲಿ ತಿರುಗಿ ನಿಂತ.

"ಆಮೇಲೆ ಎಲ್ಲಿಗೆ ಹೋಯ್ತು?"

ಮೊಮ್ಮಗಳು ನನ್ನ ಕಡೆ ನೋಡಿದಳು. ನಾನು ಅವಳ ಕಡೆ. ಆನೆ ಆಗಲೇ ಬೀದಿ ಸೇರಿದೆ. ಎಡಕ್ಕೋ ಬಲಕ್ಕೋ ಯಾರಿಗೆ ಗೊತ್ತು? ಇಳಿಸುತ್ತೇನೆ ಎಂದಿದ್ದಳು, ಇಳಿಸಿದಳು.